ಅಪ್ಪನಿಗೆ ಮಾರ್ಫಿನ್ ಕೊಡುವುದೇ? ಹಾಸ್ಪಿಸ್‌ಗೆ ಸೇರಿಸುವುದೇ?

ಪ್ರಶ್ನೆ: ನನ್ನ ತಂದೆಗೆ 69 ವರ್ಷ. ನಿವೃತ್ತ ಪ್ರೌಢಶಾಲಾ ಶಿಕ್ಷಕರು. ಸಾಗರ ತಾಲ್ಲೂಕಿನ ಹಳ್ಳಿಯಲ್ಲಿ ನಮ್ಮ ಮನೆ. ಎಂಟು ತಿಂಗಳ ಹಿಂದೆ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಕಾಮಾಲೆ ಆಗಿದ್ದರಿಂದ ಪಿತ್ತನಾಳಕ್ಕೆ ಸ್ಟೆಂಟ್ ಹಾಕಿದರು, ಕಿಮೋಥೆರಪಿಯೂ ಆಯಿತು. ಈಗ ಯಕೃತ್ತಿಗೆ ಹರಡಿದೆ. ‘ಇನ್ನು ನಮ್ಮಿಂದ ಮಾಡುವಂಥದ್ದು ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎಂದು ವೈದ್ಯರು ಹೇಳಿದ್ದಾರೆ. ರಾತ್ರಿ ಬೆನ್ನಿಗೆ ಇರಿದಂತೆ ನೋವು ಬರುತ್ತದೆ. ಬಾಗಿ ಕುಳಿತೇ ಬೆಳಗು ಮಾಡುತ್ತಾರೆ. ಟ್ರಾಮಡಾಲ್ ಕೊಡುತ್ತಿದ್ದೇವೆ, ಸಾಲುತ್ತಿಲ್ಲ. ಮಾರ್ಫಿನ್ ಬರೆದುಕೊಟ್ಟಿದ್ದರು. ಊರಿನ ಔಷಧಿ ಅಂಗಡಿಯಲ್ಲಿ ಸಿಗಲಿಲ್ಲ. ಸಿಕ್ಕರೂ ಕೊಡಬಾರದು, ಉಸಿರು ನಿಂತುಹೋಗುತ್ತದೆ ಎಂದು ಅಣ್ಣ ಹಟ ಹಿಡಿದಿದ್ದಾನೆ. ಊಟ ಸೇರುತ್ತಿಲ್ಲ, ಮೂಗಿಗೆ ನಳಿಕೆ ಹಾಕಿಸಿ ಎಂದು ಅಮ್ಮ ಅಳುತ್ತಾಳೆ. ಬೆಂಗಳೂರಿನಲ್ಲಿ ಕರುಣಾಶ್ರಯ ಎಂಬ ಹಾಸ್ಪಿಸ್ ಇದೆ ಎಂದು ಯಾರೋ ಹೇಳಿದರು. ‘ಹೆತ್ತ ಅಪ್ಪನನ್ನು ಅಂಥಲ್ಲಿ ಬಿಟ್ಟುಬಂದರೆ ಊರಿಗೆ ಹೇಗೆ ಮುಖ ತೋರಿಸುತ್ತೀರಿ’ ಎನ್ನುತ್ತಾರೆ ಚಿಕ್ಕಪ್ಪ. ಐಸಿಯುಗೆ ಸೇರಿಸಿದರೆ ಇನ್ನಷ್ಟು ದಿನ ಉಳಿಯಬಹುದು ಎಂಬುದು ಅಣ್ಣನ ವಾದ. ಅಪ್ಪನಿಗೆ ಕ್ಯಾನ್ಸರ್ ಎಂದು ಹೇಳಿಲ್ಲ, ಪಿತ್ತಕೋಶದಲ್ಲಿ ಹುಣ್ಣು ಎಂದಿದ್ದೇವೆ. ಕಳೆದ ವಾರ ತೋಟದ ಪಹಣಿ, ಬ್ಯಾಂಕ್ ಪಾಸ್‌ಬುಕ್ ಇಟ್ಟಿರುವ ಟ್ರಂಕು ತರಿಸಿಕೊಂಡು ಒಂದೊಂದಾಗಿ ನೋಡಿದರು. ಅವರನ್ನು ಎಲ್ಲಿಗೆ ಸೇರಿಸಬೇಕು? ದಯವಿಟ್ಟು ತಿಳಿಸಿ.

ಉತ್ತರ: ಎಲ್ಲಿಗೆ ಸೇರಿಸಬೇಕು ಎಂದು ಕೇಳಿದ್ದೀರಿ. ನನ್ನ ಲೆಕ್ಕದಲ್ಲಿ ಅದು ಮೂರನೆಯ ಪ್ರಶ್ನೆ. ಈ ರಾತ್ರಿಯ ನೋವಿಗೆ ಏನು ಮಾಡುವುದು ಎಂಬುದು ಮೊದಲನೆಯದು. ನಿಮ್ಮ ತಂದೆಗೆ ಏನು ಬೇಕಾಗಿದೆ ಎಂಬುದು ಎರಡನೆಯದು. ನಿಮ್ಮ ಪತ್ರದಲ್ಲಿ ಅಣ್ಣ, ಚಿಕ್ಕಪ್ಪ, ಅಮ್ಮ, ಡಾಕ್ಟರು ಎಲ್ಲರ ಮಾತೂ ಇದೆ, ತಂದೆಯ ಮಾತು ಮಾತ್ರ ಒಂದೂ ಇಲ್ಲ. ನನ್ನ ಬಳಿ ಬರುವ ಹತ್ತು ಕುಟುಂಬಗಳಲ್ಲಿ ಎಂಟರ ಕಥೆ ಹೀಗೆಯೇ ಇರುತ್ತದೆ, ಹಾಗಾಗಿ ಇದನ್ನು ತಪ್ಪು ಹೊರಿಸಲು ಹೇಳುತ್ತಿಲ್ಲ.

ಮೊದಲು ಆ ವೈದ್ಯರ ಮಾತು. ಕ್ಯಾನ್ಸರನ್ನು ಹಿಮ್ಮೆಟ್ಟಿಸಲು ಇನ್ನೇನೂ ಇಲ್ಲ ಎಂದಿದ್ದರೆ ಅದು ನಿಜವೇ ಇರಬಹುದು. ಮಾಡುವಂಥದ್ದೇ ಏನೂ ಇಲ್ಲ ಎಂದು ರೋಗಿಯನ್ನು ಕಳಿಸಿಕೊಡುವುದು ಮಾತ್ರ ನಮ್ಮ ವೃತ್ತಿಯವರಿಗೆ ಅಂಟಿದ ಕೆಟ್ಟ ಚಾಳಿ. ನೋವು, ವಾಂತಿ, ಮಲಬದ್ಧತೆ, ತುರಿಕೆ, ನಿದ್ದೆಗೇಡು, ಭಯ ಇವೆಲ್ಲಕ್ಕೂ ಚಿಕಿತ್ಸೆ ಇದೆ. ಅದನ್ನೇ ಉಪಶಮನ ಆರೈಕೆ ಎನ್ನುವುದು, ಆಸ್ಪತ್ರೆಗಳ ಫಲಕದಲ್ಲಿ ‘ಪ್ಯಾಲಿಯೇಟಿವ್ ಕೇರ್’ ಎಂದಿರುತ್ತದೆ. ಬದುಕಿನ ಕೊನೆಯ ಘಟ್ಟದಲ್ಲಿ ಅದೇ ಆರೈಕೆಯನ್ನು ಹಗಲಿರುಳು ಕೊಡುವ ವ್ಯವಸ್ಥೆ ಹಾಸ್ಪಿಸ್. 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿ, ಆಮೇಲೆ ಸಮಾಜ ಕಾರ್ಯಕರ್ತೆಯಾಗಿ ದುಡಿದು, ಕೊನೆಗೆ ವೈದ್ಯೆಯಾದವರು. ರೋಗಿಯ ನೋವಿನಲ್ಲಿ ದೇಹದ ಪಾಲು ಎಷ್ಟಿರುತ್ತದೋ ಮನಸ್ಸು, ಮನೆ, ದುಡ್ಡು, ದೇವರ ಪಾಲೂ ಅಷ್ಟೇ ಇರುತ್ತದೆ ಎಂಬುದನ್ನು ವೈದ್ಯರ ತಲೆಗೆ ತುಂಬಿದವರು ಅವರು. ನಮ್ಮಲ್ಲಿ ಮೊದಲ ಹಾಸ್ಪಿಸ್ 1986ರಲ್ಲಿ ಮುಂಬೈನಲ್ಲಿ ಶುರುವಾಯಿತು, ಶಾಂತಿ ಆವೇದನಾ ಸದನ. ಕರುಣಾಶ್ರಯ ನಡೆಸುವ ಟ್ರಸ್ಟ್ ಹುಟ್ಟಿದ್ದು 1994ರಲ್ಲಿ.

ಇನ್ನು ಮಾರ್ಫಿನ್. ನಿಮ್ಮ ಅಣ್ಣ ಭಯಪಡದೆ ಕೊಡುತ್ತಿರುವ ಟ್ರಾಮಡಾಲ್ ಇದೆಯಲ್ಲ, ಅದೂ ಮಾರ್ಫಿನ್‌ನ ದಾಯಾದಿಯೇ. ಎರಡೂ ಓಪಿಯಾಯ್ಡ್, ಅಂದರೆ ಅಫೀಮಿನ ಜಾತಿಯ ನೋವು ನಿವಾರಕಗಳ ಗುಂಪಿನ ಔಷಧಗಳು. 2018ರಿಂದ ಟ್ರಾಮಡಾಲ್ ಕೂಡ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ಬಂದಿದೆ. ವ್ಯತ್ಯಾಸ ಇಷ್ಟೇ: ಟ್ರಾಮಡಾಲ್‌ಗೆ ಒಂದು ಮೇಲ್ಮಿತಿ ಇದೆ. ದಿನಕ್ಕೆ 400 ಮಿಲಿಗ್ರಾಂ ದಾಟಿಸಿದರೆ ನೋವು ಹೆಚ್ಚೇನೂ ತಗ್ಗುವುದಿಲ್ಲ, ಫಿಟ್ಸ್ ಬರುವ ಅಪಾಯ ಮಾತ್ರ ಹೆಚ್ಚುತ್ತದೆ. ಮಾರ್ಫಿನ್‌ಗೆ ಅಂಥ ಮಿತಿ ಇಲ್ಲ, ನೋವು ಹೆಚ್ಚಿದಂತೆ ಪ್ರಮಾಣವನ್ನು ಅಳೆದು ಏರಿಸಬಹುದು. ಕ್ಯಾನ್ಸರ್‌ನ ತೀವ್ರ ನೋವಿಗೆ ಬಾಯಿಯ ಮೂಲಕ, ಗಡಿಯಾರ ನೋಡಿ, ಮೆಟ್ಟಿಲು ಮೆಟ್ಟಿಲಾಗಿ ಔಷಧ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿಯೇ ಹೇಳಿದೆ.

ಉಸಿರು ನಿಲ್ಲುವ ಮಾತಿಗೆ ಬರೋಣ. ನೋವಿಲ್ಲದವನಿಗೆ ಒಮ್ಮೆಲೇ ದೊಡ್ಡ ಪ್ರಮಾಣ ಕೊಟ್ಟರೆ ಖಂಡಿತ ಅಪಾಯ. ನೋವಿರುವವರಿಗೆ ಸಣ್ಣ ಪ್ರಮಾಣದಿಂದ ಶುರುಮಾಡಿ, ನಾಲ್ಕು ಗಂಟೆಗೊಮ್ಮೆ ಕೊಡುತ್ತಾ, ನೋಡಿ ನೋಡಿ ಏರಿಸಿದರೆ ಉಸಿರಾಟಕ್ಕೆ ತೊಂದರೆಯಾಗುವುದು ಬಹಳ ಅಪರೂಪ. ಕೊನೆಯ ಹಂತದಲ್ಲಿ ಉಸಿರಿಗಾಗಿ ಒದ್ದಾಡುವ ರೋಗಿಗಳಿಗೆ ಏದುಸಿರು ತಗ್ಗಲೆಂದೇ ನಾವು ಪುಟ್ಟ ಪ್ರಮಾಣದ ಮಾರ್ಫಿನ್ ಕೊಡುತ್ತೇವೆ ಎಂದರೆ ನಿಮ್ಮ ಅಣ್ಣ ನಂಬಲಿಕ್ಕಿಲ್ಲ. ಚಟದ ಭಯವೂ ಇಲ್ಲಿ ಹೊಂದುವುದಿಲ್ಲ. ವಾರಗಟ್ಟಲೆ ತೆಗೆದುಕೊಂಡ ಮೇಲೆ ಏಕಾಏಕಿ ನಿಲ್ಲಿಸಿದರೆ ಬೆವರು, ಚಡಪಡಿಕೆ, ಭೇದಿ ಶುರುವಾಗುತ್ತದೆ, ಅದಕ್ಕೇ ಹಂತ ಹಂತವಾಗಿ ಇಳಿಸುವುದು. ಅದನ್ನು ಚಟ ಎನ್ನುವುದಾದರೆ ಬಿಪಿ ಮಾತ್ರೆಯನ್ನೂ ಚಟ ಎನ್ನಬೇಕಾಗುತ್ತದೆ.

ತೊಂದರೆಗಳು ಇಲ್ಲವೆಂದಲ್ಲ. ಮೊದಲ ಎರಡು ಮೂರು ದಿನ ಮಂಪರು ಬರುತ್ತದೆ. ಎಷ್ಟೋ ರಾತ್ರಿ ನಿದ್ದೆಗೆಟ್ಟ ಜೀವ ನೋವು ತಗ್ಗಿದೊಡನೆ ಗಾಢವಾಗಿ ಮಲಗುತ್ತದೆ, ಅದನ್ನು ಕಂಡು ಮನೆಯವರು ಗಾಬರಿಯಾಗಿ ಮುಂದಿನ ಮಾತ್ರೆ ತಪ್ಪಿಸುತ್ತಾರೆ. ಹಾಗೆ ಮಾಡಬೇಡಿ. ಕರೆದರೆ ಕಣ್ಣು ಬಿಟ್ಟು ಮಾತಾಡುತ್ತಿದ್ದರೆ ಚಿಂತೆ ಇಲ್ಲ. ತಟ್ಟಿ ಎಬ್ಬಿಸಿದರೂ ಏಳದಿದ್ದರೆ, ಮೈ ಕೈ ಬೆಚ್ಚಿ ಬೆಚ್ಚಿ ಎಗರುತ್ತಿದ್ದರೆ, ಏನೇನೋ ಕನವರಿಸುತ್ತಿದ್ದರೆ ತಡಮಾಡದೆ ವೈದ್ಯರಿಗೆ ಫೋನ್ ಮಾಡಿ. ಮೂತ್ರಪಿಂಡ ಸೋತಾಗ ಮಾರ್ಫಿನ್ ದೇಹದಲ್ಲಿ ಉಳಿದುಕೊಳ್ಳುತ್ತದೆ, ಆಗ ಪ್ರಮಾಣ ಇಳಿಸಬೇಕು ಅಥವಾ ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿಗೆ ಬದಲಿಸಬೇಕು. ನಿಮ್ಮ ತಂದೆಯ ಯಕೃತ್ತಿಗೂ ಪೆಟ್ಟು ಬಿದ್ದಿರುವುದರಿಂದ ಕಡಿಮೆ ಪ್ರಮಾಣದಿಂದಲೇ ಶುರುಮಾಡುತ್ತಾರೆ. ವಾಕರಿಕೆ ಸಾಮಾನ್ಯವಾಗಿ ಒಂದು ವಾರದೊಳಗೆ ತಾನೇ ಹೋಗುತ್ತದೆ. ಮಾರ್ಫಿನ್ ತೆಗೆದುಕೊಳ್ಳುವಷ್ಟು ಕಾಲವೂ ಬೆನ್ನು ಬಿಡದ ತೊಂದರೆ ಮಲಬದ್ಧತೆ. ಮೊದಲ ಮಾತ್ರೆಯ ದಿನವೇ ಮಲ ಸಡಿಲಗೊಳಿಸುವ ಮಾತ್ರೆಯೂ ಜೊತೆಗಿರಬೇಕು. ಚೀಟಿಯಲ್ಲಿ ಅದನ್ನು ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಔಷಧಿ ಅಂಗಡಿಯಲ್ಲಿ ಸಿಗದಿರುವುದಕ್ಕೆ ಕಾರಣ ಬೇರೆ. 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಒಂದು ಸೀಸೆ ಮಾರ್ಫಿನ್‌ಗೆ ಹಲವು ಇಲಾಖೆಗಳ ಪರವಾನಗಿ ಬೇಕಾಗಿ, ಆಸ್ಪತ್ರೆಗಳೇ ಅದನ್ನು ಇಡುವುದು ಬಿಟ್ಟವು. ಒಂದು ತಲೆಮಾರಿನ ವೈದ್ಯರು ಅದನ್ನು ಬರೆಯಲು ಕಲಿಯದೆಯೇ ಪದವಿ ಪಡೆದರು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮತ್ತಿತರರು ವರ್ಷಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ನಿಯಮ ಸಡಿಲಗೊಂಡಿತು. ಮಾನ್ಯತೆ ಪಡೆದ ಆಸ್ಪತ್ರೆ, ಸಂಸ್ಥೆಗಳು ಈಗ ಸುಲಭವಾಗಿ ಇಟ್ಟುಕೊಳ್ಳಬಹುದು. ಹಾಗಾಗಿ ಊರಿನ ಅಂಗಡಿಗಳನ್ನು ಸುತ್ತಬೇಡಿ. ಸಾಗರದವರಿಗೆ ಬೆಂಗಳೂರಿಗಿಂತ ಮಣಿಪಾಲ ಹತ್ತಿರ. ಘಟ್ಟ ಇಳಿದರೆ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಉಪಶಮನ ಆರೈಕೆಯ ಪ್ರತ್ಯೇಕ ವಿಭಾಗವೇ ಇದೆ. ಬೆಂಗಳೂರಿನಲ್ಲಿ ಕಿದ್ವಾಯಿ, ಸೇಂಟ್ ಜಾನ್ಸ್‌ಗಳಲ್ಲಿಯೂ ಇದೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿಯೂ ಒಮ್ಮೆ ವಿಚಾರಿಸಿ. ತಂದೆಯನ್ನು ಕಾರಿನಲ್ಲಿ ಕುಲುಕಾಡಿಸಿ ಕರೆದೊಯ್ಯುವ ಮೊದಲು ಅಲ್ಲಿಗೆ ಫೋನ್ ಮಾಡಿ, ಡಿಸ್ಚಾರ್ಜ್ ಸಾರಾಂಶ, ಸ್ಕ್ಯಾನ್ ವರದಿ, ಈಗಿನ ಮಾತ್ರೆಗಳ ಪಟ್ಟಿ ಹಿಡಿದು ಮನೆಯವರೊಬ್ಬರೇ ಬರಬಹುದೇ ಎಂದು ಕೇಳಿ.

ಮೇದೋಜ್ಜೀರಕದ ಕ್ಯಾನ್ಸರ್‌ಗೆ ಇನ್ನೊಂದು ಉಪಾಯವೂ ಇದೆ. ಆ ಗ್ರಂಥಿಯ ಹಿಂದೆ, ಬೆನ್ನುಮೂಳೆಯ ಮುಂದೆ ನರಗಳ ಜಾಲವೊಂದಿದೆ. ಗಡ್ಡೆ ಅದನ್ನು ಒತ್ತುವುದರಿಂದಲೇ ನೋವು ಬೆನ್ನಿಗೆ ಹೋಗುವುದು, ಬಾಗಿ ಕುಳಿತರೆ ತುಸು ಹಗುರವೆನಿಸುವುದು. ಸ್ಕ್ಯಾನ್ ನೋಡಿಕೊಂಡು ಸೂಜಿಯಿಂದ ಅಲ್ಲಿಗೆ ಆಲ್ಕೋಹಾಲ್ ಬಿಟ್ಟು ಆ ನರಗಳನ್ನು ಮರಗಟ್ಟಿಸುತ್ತಾರೆ. ಹೊಂದಿಕೆಯಾದರೆ ಕೆಲವು ತಿಂಗಳು ಆರಾಮ ಸಿಗುತ್ತದೆ, ಮಾರ್ಫಿನ್ ಪ್ರಮಾಣವೂ ಇಳಿಯುತ್ತದೆ. ರಕ್ತದೊತ್ತಡ ಕುಸಿಯುವುದು, ಕೆಲವು ದಿನ ಭೇದಿಯಾಗುವುದು ಉಂಟು. ಕಾಲುಗಳ ಬಲ ಹೋಗುವ ಗಂಭೀರ ತೊಂದರೆ ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನಲಾಗದು. ರಕ್ತ ಹೆಪ್ಪುಗಟ್ಟುವ ಶಕ್ತಿ ಕುಗ್ಗಿದ್ದರೆ ಮಾಡುವಂತಿಲ್ಲ. ತಂದೆ ಇನ್ನೂ ಓಡಾಡಿಕೊಂಡಿದ್ದರೆ ಕೇಳಿ ನೋಡಿ, ಹಾಸಿಗೆ ಹಿಡಿದಿದ್ದರೆ ಬಿಟ್ಟುಬಿಡಿ.

ಈಗ ನಿಮ್ಮ ತಾಯಿಯ ಅಳು. ಮೂಗಿನ ನಳಿಕೆಯ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ಬೇಡ. ಊಟ ಬಿಟ್ಟಿದ್ದರಿಂದ ಅವರು ಸೊರಗುತ್ತಿಲ್ಲ. ಕ್ಯಾನ್ಸರ್‌ನಿಂದಾಗಿ ದೇಹದಲ್ಲಿ ಬಿಡುಗಡೆಯಾಗುವ ಕೆಲವು ರಾಸಾಯನಿಕಗಳು ಹಸಿವನ್ನು ಕೊಂದು, ಸ್ನಾಯುವನ್ನು ಕರಗಿಸುತ್ತಿವೆ. ನಳಿಕೆಯಲ್ಲಿ ಎಷ್ಟು ಸುರಿದರೂ ಅದು ಮೈಗೆ ಹತ್ತುವುದಿಲ್ಲ. ಹೊಟ್ಟೆ ಉಬ್ಬರಿಸುತ್ತದೆ, ವಾಂತಿಯಾಗುತ್ತದೆ, ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಮಂಪರಿನಲ್ಲಿ ರೋಗಿ ನಳಿಕೆ ಕಿತ್ತುಕೊಂಡರೆ ಕೈ ಕಟ್ಟಿಹಾಕುತ್ತಾರೆ, ಅದನ್ನು ನಿಮ್ಮ ತಾಯಿ ನೋಡುವಂತಾಗಬಾರದು. ಕೊನೆಯ ದಿನಗಳಲ್ಲಿ ಬಾಟಲಿ ಗಟ್ಟಲೆ ಗ್ಲೂಕೋಸ್ ಏರಿಸುವುದೂ ಹಾಗೆಯೇ, ಕಾಲು ಬಾತುಕೊಳ್ಳುತ್ತದೆ, ಎದೆಯಲ್ಲಿ ನೀರು ಸೇರಿ ಉಸಿರು ಗೊರಗುಡುತ್ತದೆ.

ಹಾಗಾದರೆ ಅಮ್ಮ ಕೈಕಟ್ಟಿ ಕುಳಿತಿರಬೇಕೇ? ಖಂಡಿತ ಇಲ್ಲ. ನಲವತ್ತು ವರ್ಷ ಮೂರು ಹೊತ್ತು ಬಡಿಸಿದವರಿಗೆ ‘ತಿನ್ನಿಸಬೇಡಿ’ ಎಂದಷ್ಟೇ ಹೇಳಿ ಎದ್ದುಹೋಗುವುದು ಕ್ರೌರ್ಯ. ತಂದೆ ಕೇಳಿದಾಗ, ಕೇಳಿದ್ದನ್ನು, ಕೇಳಿದಷ್ಟೇ ಕೊಡಲಿ. ಮಜ್ಜಿಗೆ, ಗಂಜಿ ತಿಳಿ, ತಂಬುಳಿ, ಎಳನೀರು, ಎರಡು ಚಮಚವಾದರೂ ಸಾಕು. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ಕುಡಿಸಬೇಕು. ‘ಇನ್ನೊಂದು ತುತ್ತು’ ಎಂಬ ಒತ್ತಾಯ ಬೇಡ. ನುಂಗಲು ಆಗದ ಹಂತ ಬಂದಾಗ ಬಾಯಿಯ ಆರೈಕೆ ಅಮ್ಮನ ಕೈಗಿರಲಿ: ಬೆರಳಿಗೆ ಶುಭ್ರ ಹತ್ತಿ ಬಟ್ಟೆ ಸುತ್ತಿ, ಚಿಟಿಕೆ ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿ ಹಿಂಡಿ, ವಸಡು, ನಾಲಿಗೆ, ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಒರೆಸುವುದು, ಕೊನೆಗೆ ತುಟಿಗೆ ತುಪ್ಪ ಸವರುವುದು. ಎಚ್ಚರವಿದ್ದಾಗ ಎರಡು ಗಂಟೆಗೊಮ್ಮೆ ಮಾಡಿದರೂ ಹೆಚ್ಚಲ್ಲ. ಬಾಯಿ ಒಣಗುವುದರ ಸಂಕಟ ಹಸಿವಿನ ಸಂಕಟಕ್ಕಿಂತ ದೊಡ್ಡದು, ಅದಕ್ಕೆ ಮದ್ದು ಇದೇ.

ಸತ್ಯ ಹೇಳುವ ವಿಚಾರ. ‘ತಡೆದುಕೊಳ್ಳಲಾರರು’ ಎಂದು ಮುಚ್ಚಿಟ್ಟಿದ್ದೀರಿ, ಪ್ರೀತಿಯಿಂದಲೇ. ಆದರೆ ಕಿಮೋಥೆರಪಿ ವಾರ್ಡಿನಲ್ಲಿ ತಿಂಗಳುಗಟ್ಟಲೆ ಸರದಿ ಕಾದು ಕುಳಿತವರು, ಜೀವಮಾನವಿಡೀ ಓದಿ ಓದಿಸಿದವರು. ಪಿತ್ತಕೋಶದ ಹುಣ್ಣೆಂದು ಅವರು ನಂಬಿರುವುದು ಅನುಮಾನ. ನಂಬಿದವರು ಟ್ರಂಕು ತರಿಸಿ ಪಹಣಿ ನೋಡುವುದಿಲ್ಲ. ನಿಮಗೆ ನೋವಾಗದಿರಲಿ ಎಂದು ಅವರು, ಅವರಿಗೆ ನೋವಾಗದಿರಲಿ ಎಂದು ನೀವು, ಒಂದೇ ಮನೆಯಲ್ಲಿ ಎರಡು ನಾಟಕ ನಡೆಯುತ್ತಿದೆ. ಇದರಲ್ಲಿ ಹೆಚ್ಚು ಸೋಲುವವರು ಅವರೇ, ಏಕೆಂದರೆ ಭಯವನ್ನು ಯಾರ ಹತ್ತಿರವೂ ಹೇಳಿಕೊಳ್ಳುವಂತಿಲ್ಲ.

ಹೋಗಿ ಒಮ್ಮೆಲೇ ಎಲ್ಲ ಹೇಳಿಬಿಡಿ ಎನ್ನುತ್ತಿಲ್ಲ. ಕೇಳಿ. ‘ಅಪ್ಪಾ, ನಿಮ್ಮ ಕಾಯಿಲೆ ಬಗ್ಗೆ ನಿಮಗೇನನ್ನಿಸುತ್ತಿದೆ?’ ಎಂದು ಕೇಳಿ ಸುಮ್ಮನಿರಿ. ಮಾತಾಡಿದರೆ, ‘ಇನ್ನೂ ತಿಳಿಯಬೇಕು ಅನ್ನಿಸುತ್ತದೆಯೇ, ಅದನ್ನೆಲ್ಲ ನಾವೇ ನೋಡಿಕೊಳ್ಳಲೇ?’ ಎಂದು ಕೇಳಿ. ಕೆಲವರು ‘ನೀವೇ ನೋಡಿಕೊಳ್ಳಿ’ ಎನ್ನುತ್ತಾರೆ, ಅದು ಅವರ ಹಕ್ಕು, ಅಲ್ಲಿಗೇ ನಿಲ್ಲಿಸಿ. ‘ವಾಸಿಯಾಗುತ್ತದೆಯೇ’ ಎಂದು ನೇರವಾಗಿ ಕೇಳಿದರೆ ‘ಪೂರ್ತಿ ವಾಸಿಯಾಗುವುದು ಕಷ್ಟವಂತೆ ಅಪ್ಪಾ, ಆದರೆ ನೋವು ತಗ್ಗಿಸುವುದಕ್ಕೆ ಆಗುತ್ತದೆ, ನಾವು ಯಾರೂ ನಿಮ್ಮನ್ನು ಬಿಟ್ಟು ಹೋಗುವುದಿಲ್ಲ’ ಎನ್ನಬಹುದು. ಸುಳ್ಳು ಹೇಳಬೇಕಿಲ್ಲ, ತಿಂಗಳು ವಾರಗಳ ಲೆಕ್ಕ ಒಪ್ಪಿಸಬೇಕಾಗಿಯೂ ಇಲ್ಲ. ಲೆಕ್ಕ ನಿಮಗೆ ಬೇಕಾದರೆ ನಾವು ಬಳಸುವ ಒರಟು ಅಳತೆ ಹೀಗಿದೆ: ತಿಂಗಳಿಂದ ತಿಂಗಳಿಗೆ ಇಳಿತ ಕಾಣುತ್ತಿದ್ದರೆ ತಿಂಗಳುಗಳು, ವಾರದಿಂದ ವಾರಕ್ಕೆ ಕಾಣುತ್ತಿದ್ದರೆ ವಾರಗಳು, ದಿನದಿಂದ ದಿನಕ್ಕಾದರೆ ದಿನಗಳು. ನಿಮ್ಮ ಕಣ್ಣಿಗೆ ಕಾಣುತ್ತಿರುವುದನ್ನು ನನಗಿಂತ ನೀವೇ ಚೆನ್ನಾಗಿ ಬಲ್ಲಿರಿ.

ಐಸಿಯುಗೆ ಅರ್ಥವಿರುವುದು ತಿರುಗಿ ಸರಿಹೋಗುವಂಥ ತೊಂದರೆಗೆ. ನಡುಕ ಸಮೇತ ಜ್ವರ ಬಂದು ಕಣ್ಣು ಮತ್ತೆ ಹಳದಿಯಾದರೆ ಸ್ಟೆಂಟ್ ಕಟ್ಟಿಕೊಂಡು ಸೋಂಕು ಆಗಿರಬಹುದು. ತಂದೆ ಇನ್ನೂ ಎದ್ದು ಕೂರುವಂತಿದ್ದರೆ ಆಗ ಆಸ್ಪತ್ರೆಗೆ ಒಯ್ದು ಆಂಟಿಬಯೋಟಿಕ್ ಕೊಡಿಸುವುದು, ಸ್ಟೆಂಟ್ ಬದಲಿಸುವುದು ಸರಿಯಾದ ನಿರ್ಧಾರವೇ. ಕ್ಯಾನ್ಸರ್‌ನಿಂದಲೇ ದೇಹ ಮುಗಿಯುತ್ತಾ ಬಂದಾಗ ವೆಂಟಿಲೇಟರ್ ಹಾಕುವುದು ಬೇರೆ ಮಾತು. ಗಂಟಲಲ್ಲಿ ನಳಿಕೆ ಇದ್ದರೆ ಮಾತಿಲ್ಲ. ಮನೆಯವರಿಗೆ ದಿನಕ್ಕೆ ಎರಡು ಸಲ, ಗಾಜಿನ ಆಚೆ, ಐದು ನಿಮಿಷ. ಬಿಲ್ಲು ಕಟ್ಟಲು ತೋಟ ಅಡವಿಟ್ಟವರನ್ನು ಕಂಡಿದ್ದೇನೆ.

ವೆಂಟಿಲೇಟರ್ ಬೇಡವೆಂದರೆ ಕೊಲೆ ಮಾಡಿದಂತಾಗುತ್ತದೆ ಎಂಬ ಭಯವೂ ಅಣ್ಣನಿಗಿರಬಹುದು. ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ್ದ ಮೊಕದ್ದಮೆಯ 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವ ಹಕ್ಕನ್ನು ಬದುಕುವ ಹಕ್ಕಿನ ಭಾಗವೆಂದು ಒಪ್ಪಿದೆ. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿದೆ. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದರ ಜಾರಿಗೆ ಸುತ್ತೋಲೆ ಹೊರಡಿಸಿದೆ. ತಮಗೆ ಯಾವ ಚಿಕಿತ್ಸೆ ಬೇಡ, ತಮ್ಮ ಪರವಾಗಿ ಯಾರು ಮಾತಾಡಬೇಕು ಎಂದು ನಿಮ್ಮ ತಂದೆ ಇಬ್ಬರು ಸಾಕ್ಷಿಗಳ ಎದುರು ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢೀಕರಿಸಿಕೊಳ್ಳಬಹುದು. ಸೂಜಿ ಚುಚ್ಚಿ ಸಾಯಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ನಮ್ಮ ದೇಶದಲ್ಲಿ ಅಪರಾಧ.

ಇಷ್ಟಾದ ಮೇಲೆ ಮೂರನೆಯ ಪ್ರಶ್ನೆ. ಹಾಸ್ಪಿಸ್ ಎಂದರೆ ಸಾಯಲು ಬಿಟ್ಟುಬರುವ ಜಾಗ ಎಂಬ ಚಿಕ್ಕಪ್ಪನ ಮಾತು ತಪ್ಪು. ಕರುಣಾಶ್ರಯದಲ್ಲಿ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಾರೆ. ಹಾಸ್ಪಿಸ್‌ಗೆ ಹೋಗಿ ನೋವು ಹತೋಟಿಗೆ ಬಂದ ಮೇಲೆ ಮನೆಗೆ ಮರಳುವವರೂ ಇದ್ದಾರೆ. ಉಪಶಮನ ಆರೈಕೆಯಿಂದ ಆಯಸ್ಸು ಕುಗ್ಗುತ್ತದೆ ಎನ್ನುವವರಿಗೆ ಒಂದು ಅಧ್ಯಯನ: ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರ ಮೇಲೆ ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದದ್ದು. ಮೊದಲಿನಿಂದಲೇ ಈ ಆರೈಕೆಯೂ ಸಿಕ್ಕವರಲ್ಲಿ ಅರ್ಧದಷ್ಟು ಜನ 11.6 ತಿಂಗಳಿಗಿಂತ ಹೆಚ್ಚು ಬದುಕಿದರು, ಸಿಗದವರಲ್ಲಿ ಅರ್ಧದಷ್ಟು ಜನ 8.9 ತಿಂಗಳಿಗಿಂತ ಹೆಚ್ಚು. ಆದರೂ ನಿಮ್ಮ ಮಟ್ಟಿಗೆ ನನಗೆ ಬೆಂಗಳೂರು ದೂರವೆನಿಸುತ್ತದೆ. ಊರು, ನೆಂಟರು, ಹಳೆಯ ಶಿಷ್ಯರು ಎಲ್ಲರಿಂದ ಅವರನ್ನು ಎಬ್ಬಿಸಿಕೊಂಡು ಹೋಗಬೇಕಾಗುತ್ತದೆ. ಮನೆಯಲ್ಲಿ ನೋವು ಹತೋಟಿಗೆ ಬಾರದಿದ್ದರೆ, ನೋಡಿಕೊಳ್ಳುವವರು ಪೂರಾ ಸೋತರೆ, ಅಥವಾ ಅವರೇ ಬಯಸಿದರೆ ಹಾಸ್ಪಿಸ್ ಉತ್ತಮ. ಇಲ್ಲದಿದ್ದರೆ ಮಣಿಪಾಲದಲ್ಲಿ ಕೆಲವು ದಿನ ಇದ್ದು ಔಷಧದ ಪ್ರಮಾಣ ಹೊಂದಿಸಿಕೊಂಡು ಮನೆಗೆ ಬರುವುದು ನಾನು ಹೇಳುವ ದಾರಿ. ಕೊನೆಯ ಮಾತು ನಿಮ್ಮ ತಂದೆಯದು.

ಮನೆ ಎಂದು ಆರಿಸಿದರೆ ಅದರ ಕಷ್ಟವೂ ತಿಳಿದಿರಲಿ. ರಾತ್ರಿ ಪಾಳಿ ಹಂಚಿಕೊಳ್ಳಿ, ಎಲ್ಲವನ್ನೂ ನೀವೊಬ್ಬರೇ ತಲೆಯ ಮೇಲೆ ಹೊತ್ತುಕೊಳ್ಳಬೇಡಿ. ಚಿಕ್ಕಪ್ಪನಿಗೂ ಒಂದು ಪಾಳಿ ಕೊಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಈ ಕಾಯಿಲೆಯಲ್ಲಿ ಕೆಲವೊಮ್ಮೆ ರಕ್ತ ವಾಂತಿಯಾಗುವುದುಂಟು, ಆದ್ದರಿಂದ ಕಡುಗೆಂಪು ಅಥವಾ ಕಪ್ಪು ಬಣ್ಣದ ಎರಡು ಟವೆಲ್ ಕೈಗೆ ಸಿಗುವಂತಿರಲಿ. ಬಿಳಿ ಬಟ್ಟೆಯ ಮೇಲೆ ಹರಡಿದ ರಕ್ತ ನೋಡಿ ಮನೆಯವರೂ ರೋಗಿಯೂ ಬೆದರಿಹೋಗುತ್ತಾರೆ. ಕೊನೆಯ ದಿನಗಳಲ್ಲಿ ಹೆಚ್ಚು ಹೊತ್ತು ನಿದ್ದೆ, ಮೂತ್ರ ಕಡಿಮೆ, ತಣ್ಣಗಾಗುವ ಪಾದ, ನಿಂತು ನಿಂತು ಬರುವ ಉಸಿರು, ಗಂಟಲಲ್ಲಿ ಗೊರಗೊರ ಸದ್ದು ಕಾಣಿಸುತ್ತವೆ. ಆ ಸದ್ದು ಕೇಳುವವರಿಗೆ ಹಿಂಸೆ, ಆ ಹೊತ್ತಿಗೆ ರೋಗಿಗೆ ಅದರ ಅರಿವು ಇರುವುದಿಲ್ಲ. ಒಂದು ಮಗ್ಗುಲಿಗೆ ತಿರುಗಿಸಿದರೆ ತಗ್ಗುತ್ತದೆ, ತಗ್ಗಿಸುವ ಇಂಜೆಕ್ಷನ್ ಕೂಡ ಇದೆ. ನುಂಗಲಾಗದಾಗ ಮಾರ್ಫಿನ್ ಅನ್ನು ಚರ್ಮದ ಕೆಳಗೆ ಸಣ್ಣ ಸೂಜಿಯಿಂದ ಕೊಡಬಹುದು. ಇದನ್ನು ಮನೆಗೆ ಬಂದು ಮಾಡುವ ನರ್ಸ್ ಯಾರು, ಮಧ್ಯರಾತ್ರಿ ಫೋನ್ ಎತ್ತುವ ವೈದ್ಯರು ಯಾರು ಎಂಬುದನ್ನು ಈ ವಾರವೇ ಗೊತ್ತುಮಾಡಿಕೊಳ್ಳಿ.

ಅದೇ ವೈದ್ಯರನ್ನು ಇನ್ನೊಂದು ಮಾತು ಕೇಳಿಟ್ಟುಕೊಳ್ಳಿ. ಮನೆಯಲ್ಲಿ ತೀರಿಕೊಂಡಾಗ ಸಾವಿನ ಕಾರಣ ದೃಢೀಕರಿಸುವ 4ಎ ನಮೂನೆಗೆ, ಕೊನೆಯ ಕಾಯಿಲೆಯಲ್ಲಿ ನೋಡಿಕೊಂಡ ವೈದ್ಯರ ಸಹಿ ಬೇಕು. ಅವರು ತಂದೆಯನ್ನು ಮೊದಲೇ ಒಂದೆರಡು ಸಲ ನೋಡಿದ್ದರೆ ಸಹಿಗೆ ಅಳುಕುವುದಿಲ್ಲ. ಸಾವಿನ ನೋಂದಣಿ 21 ದಿನಗಳೊಳಗೆ ಆಗಬೇಕು. ಆ ಕಾಗದದ ಓಡಾಟವನ್ನು ಅಣ್ಣನಿಗೆ ಒಪ್ಪಿಸಿ.